ಕೊನೆಯ ನುಡಿಯ ಹೆಸರು

ಮರಿಲಿಂಗ–ಮುಜಫರ ಜೋಡಿಯ ಹಾಡು ಮೊಳಗದ ಟ್ರ್ಯಾಕ್ಟರು ಸುರಪುರ ಸೀಮೆಯಲ್ಲಿರಲಿಲ್ಲ. ಪ್ರತಿ ಹಾಡಿನ ಕೊನೆಯ ನುಡಿಯಲ್ಲೂ ಇಬ್ಬರ ಹೆಸರು ಕೂಡಿಯೇ ಬರುತ್ತಿತ್ತು. ಈಗ ಮುಜಫರ ಸಂಸಾರ ಸಮೇತ ಹೈದರಾಬಾದಿಗೆ ಹೊರಟಿದ್ದ. ಹೆಸರಾದ ಹಾಡುಗಳನ್ನೆಲ್ಲ ಮತ್ತೊಮ್ಮೆ ಹಾಡಿ ಬೀಳ್ಕೊಡುಗೆಯ ಆಲ್ಬಮ್ ತೆಗೆಯಲು ಇಬ್ಬರೂ ಶಹಾಪುರದ ಸ್ಟುಡಿಯೊಗೆ ಬಂದಿದ್ದರು.

"ಮರಿಲಿಂಗ, ಕಡೀ ನುಡಿಯಾಗ ನಿನ್ನ ಹೆಸರಷ್ಟ ಹಾಡು," ಎಂದ ಸ್ಟುಡಿಯೊ ಮಾಲೀಕ. "ಸಾಬರ ಹೆಸರು ಬಂದ್ರ ಮೆರವಣಿಗ್ಯಾಗ ಡಿಜೆನ ಬಂದ್ ಮಾಡಸಾಕತ್ತಾರ."

ಮುಜಫರ ಎದುರಿಗೇ ಕೀಬೋರ್ಡಿನ ಮುಂದೆ ಕೂತಿದ್ದ. 'ಹಂಗಾದ್ರ ಆಲ್ಬಮ್ಮೇ ಬ್ಯಾಡ್ರಿ' ಎನ್ನಬೇಕಿದ್ದ ಮರಿಲಿಂಗ, "ಆತ್ರಿ" ಎಂದ.

"ಹಾಡೋ ದೋಸ್ತ, ಒಂದು ಹೆಸರು ಕಮ್ಮಿ ಆದ್ರ ನಿನಗೂ ದಮ್ಮು ಉಳೀತದ," ಎಂದು ಮುಜಫರ ನಕ್ಕು ನುಡಿಸತೊಡಗಿದ.

ಕೊನೆಯ ನುಡಿ ಬಂತು. ವರ್ಷಗಟ್ಟಲೆಯ ರೂಢಿ, ಮರಿಲಿಂಗನ ಬಾಯಿ ಗೆಳೆಯನ ಹೆಸರನ್ನು ಹಾಡಿಯೇಬಿಟ್ಟಿತು. ಮುಜಫರನ ಮುಖ ಅರಳಿತು.

"ಏ, ನಿಲ್ಲಸು! ಬಾಯಿ ಮ್ಯಾಲ ಹಿಡ್ತ ಇಲ್ಲೇನೋ?" ಮಾಲೀಕ ಚೀರಿದ.

"ತಪ್ಪಾತ್ರಿ," ಎಂದ ಮರಿಲಿಂಗ.

ಗೆಳೆಯನ ಹೆಸರು ಹೇಳಿದ್ದಕ್ಕೆ ಗೆಳೆಯನ ಎದುರಿಗೇ ತಪ್ಪೊಪ್ಪಿಕೊಂಡಿದ್ದ! ನಾಚಿಕೆಯಿಂದ ಕಿವಿ ಕಾದವು. ತನ್ನ ಬಾಯಿಗಿದ್ದ ನಿಯತ್ತು ತನಗಿರಲಿಲ್ಲ.

ಎರಡನೇ ಸಲ ಅವನು ಗೋಡೆಗೆ ಮುಖ ಮಾಡಿ ನಿಂತು, ಎಲ್ಲೂ ತಪ್ಪದೆ ಹಾಡಿದ.