ಒಳ್ಳೆ ಲೈನಿನ ಇಪ್ಪತ್ತೊಂದು ಮನೆಗಳು

ಕಂಪ್ಯೂಟರಿನೊಳಗೆ ನಾನು ಕಟ್ಟಿದ ಬೀದಿ ಎಷ್ಟು ಚೆಂದವಾಗಿತ್ತೆಂದರೆ, ಅಲ್ಲೇ ಹೋಗಿ ಇದ್ದುಬಿಡೋಣ ಅನಿಸುತ್ತಿತ್ತು. ಹದಿನಾಲ್ಕು ಕಂಬ, ಮೂವತ್ತಾರು ಮನೆ, ಮೂರು ಲೈನು, ಕರೆಂಟು ಮರಳುವ ಒಂದು ನ್ಯೂಟ್ರಲ್ ತಂತಿ. ತಂತಿಯ ದಪ್ಪ, ಕಂಬದಿಂದ ಕಂಬಕ್ಕೆ ದೂರ, ಎಲ್ಲವನ್ನೂ ನಾನೇ ಟೇಪು ಹಿಡಿದು ಅಳೆದು ತುಂಬಿಸಿದ್ದೆ. ಗುಂಡಿ ಒತ್ತಿದರೆ ಬೀದಿಯ ಕೊನೆಯಲ್ಲಿ ಯಾವ ಲೈನಿಗೆ ಎಷ್ಟು ವೋಲ್ಟು ಸಿಗುತ್ತದೆಂದು ಅದು ಹೇಳಬೇಕು. ಹೇಳಿತು: ಮೂರಕ್ಕೂ ಇನ್ನೂರ ಇಪ್ಪತ್ತೆಂಟು.

ಕೊನೆಯ ಕಂಬದ ಮೀಟರು ಬೇರೆಯೇ ರಾಗ ಹಾಡುತ್ತಿತ್ತು: 198, 229, 246.

"ಸಂಜೆ ನಾಲ್ಕರವರೆಗೆ ಟೈಮ್ ಕೊಡ್ತೀನಿ," ಎಂದರು ನಮ್ಮ ವಿದ್ಯುತ್ ಕಚೇರಿಯ ಸಾಹೇಬರು. "ಲೆಕ್ಕ ಸರಿಹೋದ್ರೆ ಸರಿ. ಇಲ್ಲಾಂದ್ರೆ ದೊಡ್ಡ ಟ್ರಾನ್ಸ್‌ಫಾರ್ಮರ್ ಕೂರಿಸೋಣ, ನೀನು ಟಪಾಲು ವಿಭಾಗದಲ್ಲಿ ಲಕೋಟೆ ಅಂಟಿಸ್ಕೊಂಡಿರು."

ಲಕೋಟೆ! ಏಳು ತಿಂಗಳ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುವುದರಲ್ಲಿತ್ತು.

ಮಧ್ಯಾಹ್ನ ಅಪ್ಪ ಆಫೀಸಿಗೆ ಬಂದ. ಮೂವತ್ತು ವರ್ಷದಿಂದ ಅದೇ ಬೀದಿಯ ಲೈನ್‌ಮ್ಯಾನ್ ಅವನು. ಪರದೆಯತ್ತ ಒಮ್ಮೆ ಬಗ್ಗಿ ನೋಡಿದ.

"ಒಂದೊಂದು ಲೈನಿಗೆ ಹನ್ನೆರಡು ಮನೆ ಅಂತ ಯಾರು ಹೇಳಿದ್ರು ನಿಂಗೆ?"

"ರಿಜಿಸ್ಟರ್!"

"ಅದು ನೀನು ಹುಟ್ಟೋಕೆ ಮುಂಚಿನದು ಕಣೇ." ಅಪ್ಪ ತಲೆ ಕೆರೆದುಕೊಂಡ. "ಒಂದ್ಸಲ ಮೂರನೇ ಲೈನಿನ ಜಾಯಿಂಟ್ ಸಡಿಲವಾಗಿ ವಾರವೆಲ್ಲ ಲೈಟು ಮಿಣಮಿಣ ಅಂತಿತ್ತು. ಅವತ್ತಿಂದ ಅದು ಕೆಟ್ಟ ಲೈನು, ಮೊದಲನೇದು ಒಳ್ಳೆ ಲೈನು ಅಂತ ಬೀದಿಯೋರೇ ತೀರ್ಮಾನ ಮಾಡಿಬಿಟ್ರು. ಮನೇಲಿ ಬಾಣಂತಿ ಇದ್ದಾಳೆ ಅಂದ್ರು, ಬದಲಾಯಿಸಿ ಕೊಟ್ಟೆ. ಮಗನ ಪರೀಕ್ಷೆ ಅಂದ್ರು, ಕೊಟ್ಟೆ. ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ."

"ಆ ಜಾಯಿಂಟು?"

"ಮಾರನೇ ವಾರವೇ ಬಿಗಿ ಮಾಡಿದೆ. ಆದ್ರೆ ಹೋದೋರು ಯಾರೂ ವಾಪಸ್ ಬರಲಿಲ್ಲ."

ಇಪ್ಪತ್ತೊಂದು ಮನೆಗಳು ಒಳ್ಳೆ ಲೈನಿಗೆ ಮುಗಿಬಿದ್ದು ಅದರ ಕತ್ತು ಹಿಸುಕುತ್ತಿದ್ದವು. ಕೆಟ್ಟ ಲೈನಿನಲ್ಲಿ ಉಳಿದದ್ದು ಮೂರೇ. ಅದರಲ್ಲಿ ಬೀದಿಯ ಕೊನೆಯದು ನಮ್ಮದೇ ಮನೆ! ಲೈನ್‌ಮ್ಯಾನ್ ತನಗೇ ಒಳ್ಳೇದು ಎತ್ತಿಕೊಂಡ ಅಂತ ಜನ ಅನ್ನಬಾರದಲ್ಲ, ಎಂದ ಅಪ್ಪ. ಆ ಲೈನಿನ ಹೊರೆ ಇಳಿದು, ಕೆಟ್ಟದ್ದನ್ನು ಇಟ್ಟುಕೊಂಡ ಈ ಪುಣ್ಯಾತ್ಮನ ಮನೆಗೇ ಬೀದಿಗೆಲ್ಲ ಹೆಚ್ಚು ವೋಲ್ಟು. ನಾನು ಮೇಜು ಬಡಿದು ಬಡಿದು ನಕ್ಕೆ. ಅವನ ಮೇಲೆ ಇಷ್ಟು ಪ್ರೀತಿ ನನಗೆ ಹಿಂದೆಂದೂ ಉಕ್ಕಿರಲಿಲ್ಲ.

ಅಪ್ಪ ಬಾಯಲ್ಲೇ ಒಂದೊಂದು ಮನೆ ಹೇಳಿದ: ದರ್ಜಿ ಒಂದನೇದು, ಹಿಟ್ಟಿನ ಗಿರಣಿ ಒಂದನೇದು, ಟೀಚರಮ್ಮ ಎರಡನೇದು. ನಾನು ಬರೆದುಕೊಂಡು ಗುಂಡಿ ಒತ್ತಿದೆ. 198, 230, 246!

ಸಾಹೇಬರು ಮಾತ್ರ ಜಗ್ಗಲಿಲ್ಲ. "ಆಗಿದ್ದನ್ನ ಯಾರು ಬೇಕಾದ್ರೂ ಹೇಳ್ತಾರೆ. ಆಗೋದನ್ನ ಹೇಳು ನೋಡೋಣ."

"ಒಂಬತ್ತು ಮನೆಗಳನ್ನ ಮೂರನೇ ಲೈನಿಗೆ ವಾಪಸ್ ಹಾಕಿದ್ರೆ, ನಮ್ಮನೇಲಿ ಇನ್ನೂರ ಇಪ್ಪತ್ತೆಂಟಕ್ಕೆ ಇಳಿಯತ್ತೆ, ಸರ್."

"ಒಂದೆರಡು ವೋಲ್ಟು ಹೆಚ್ಚುಕಮ್ಮಿ?"

"ಒಂದೂ ಇಲ್ಲ!"

ಎಲುಬಿಲ್ಲದ ನಾಲಿಗೆ, ಅಂದುಬಿಟ್ಟಿತು. ಅಪ್ಪ ಆಗಲೇ ಇಬ್ಬರನ್ನು ಕರೆದುಕೊಂಡು ಏಣಿ ಹೊತ್ತು ಹೊರಟಿದ್ದ.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ನನ್ನ ಫೋನು ಬಡಿದುಕೊಂಡಿತು. ಅಮ್ಮ. ಸಾಹೇಬರಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಏನೇ ಇದು? ನಿಮ್ಮಪ್ಪ ಕರೆಂಟು ತೆಗೆದು ಮತ್ತೆ ಹಾಕಿದ್ದೇ ತಡ, ನಮ್ಮ ಫ್ಯಾನು ನಿಧಾನ ಆಗಿದೆ! ಊರಿಗೆಲ್ಲ ಉಪಕಾರ, ಮನೆಗೆ ಮಾತ್ರ ಕನ್ನ!"

"ಅಮ್ಮಾ, ಅಪ್ಪನ ಮೀಟರ್ ತಗೊಂಡು ಪ್ಲಗ್ಗಲ್ಲಿ ನೋಡು. ಬೇಗ!"

ಡ್ರಾಯರ್ ಎಳೆದ ಸದ್ದು. ಗೊಣಗಾಟ. ನಾನು ಉಸಿರು ಬಿಗಿಹಿಡಿದಿದ್ದೆ, ಸಾಹೇಬರೂ ಹಿಡಿದಿದ್ದರು.

"ಇನ್ನೂರ... ಇಪ್ಪತ್ತೆಂಟು. ಅಯ್ಯೋ, ಇಷ್ಟು ಇಳಿದುಹೋಗಿದೆ, ಅದಕ್ಯಾಕೆ ಹಿಂಗೆ ಕಿರಚ್ತಿದೀಯ?"

ನಾನು ಯಾವಾಗ ಕುರ್ಚಿ ಹತ್ತಿದೆನೋ ಗೊತ್ತಿಲ್ಲ. ಕೆಳಗೆ ನೋಡಿದರೆ, ನಾನು ಉರುಳಿ ಬೀಳದಿರಲೆಂದು ಸಾಹೇಬರು ಎರಡೂ ಕೈಯಲ್ಲಿ ಕುರ್ಚಿಯನ್ನು ಬಿಗಿಯಾಗಿ ಹಿಡಿದು ನಿಂತಿದ್ದರು.

"ಇಳಿಯಮ್ಮ ತಾಯಿ," ಎಂದರು. "ಪಕ್ಕದ ಬೀದಿ ಬೇರೆ ಅಳೀಬೇಕು ನೀನು."