ದೊಡ್ಡಕ್ಕ ಕಿವಿಗೊಟ್ಟ ಮಧ್ಯಾಹ್ನ

ಆಸ್ಪತ್ರೆಯ ಹಿಂಬದಿಯಲ್ಲಿದ್ದ ಬಟ್ಟೆ ಒಗೆಯುವ ವಿಭಾಗಕ್ಕೆ ದೊಡ್ಡಕ್ಕ ಸೇರಿದಾಗ ಅಲ್ಲಿ ಇಪ್ಪತ್ತೆರಡು ಹೆಂಗಸರಿದ್ದರು. ಈಗ ಅವರಲ್ಲಿ ಉಳಿದವಳು ಅವಳೊಬ್ಬಳೇ. ಕೆಲವರು ನಿವೃತ್ತರಾದರು, ಕೆಲವರು ಮಂಡಿನೋವೆಂದು ಬಿಟ್ಟರು. ಅವರ ಹೆಣ್ಣುಮಕ್ಕಳಂತೂ ಆ ಹಬೆ ತುಂಬಿದ ಕೋಣೆಯತ್ತ ತಲೆಹಾಕಿಯೂ ಮಲಗಲಿಲ್ಲ. ಊರು ಬಿಟ್ಟು, ದೇಶ ಬಿಟ್ಟು, ಕೈತುಂಬ ಸಂಬಳ ಸಿಗುವ ಕಡೆ ಹೊರಟುಹೋದರು.

ಊರಿನ ಸ್ಥಿತಿಗತಿ ತಿಳಿಯಲು ದೊಡ್ಡಕ್ಕ ಪೇಪರ್ ಓದಬೇಕಾಗಿರಲಿಲ್ಲ. ಒಗೆಯಲು ಬರುವ ಬಟ್ಟೆಯೇ ಹೇಳುತ್ತಿತ್ತು. ತೊಟ್ಟಿಲಿಗೆ ಹಾಸುವ ಪುಟ್ಟ ಬಟ್ಟೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ, ವಯಸ್ಸಾದವರ ಮಂಚದ ದಪ್ಪ ಹಾಸುಗಳು ರಾಶಿ ಬೀಳತೊಡಗಿದ್ದವು. ಹೆರಿಗೆ ವಾರ್ಡಿನ ಅರ್ಧಕ್ಕೆ ಬೀಗ ಬಿದ್ದಿತ್ತು. ಕೆಲಸಕ್ಕೆ ಜನ ಸಿಗದೆ ಆಸ್ಪತ್ರೆಯವರೂ ಕಾರ್ಖಾನೆಯವರೂ ಹೊರದೇಶದವರನ್ನು ಕರೆಸಿಕೊಂಡ ಮೇಲೆ, ಎರಡು ಮೂರು ವರ್ಷದಲ್ಲೇ ಆ ಪುಟ್ಟ ಬಟ್ಟೆಗಳು ಮತ್ತೆ ಕಾಣಿಸಿಕೊಂಡವು.

“ನಮ್ಮೋರು ಹೋಗೋದು, ಇವರು ಬರೋದು. ದೇಶ ಅಂದ್ರೆ ಬಸ್ ಸ್ಟ್ಯಾಂಡಾ?” ಎಂದು ಗೊಣಗುತ್ತಲೇ ದೊಡ್ಡಕ್ಕ ಹೊಸಬರಿಗೆ ಕೆಲಸ ಕಲಿಸಿದಳು. ಬಾಯಿ ಜೋರು, ಕೈ ಮೆತ್ತಗೆ.

ಹೊಸಬರಲ್ಲಿ ಒಬ್ಬಳು ತನ್ನ ದೇಶದಲ್ಲಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದವಳು. ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆದರು. ಇಲ್ಲಿನ ಭಾಷೆಯನ್ನು ಅವಳು ಕಲಿತದ್ದೆಲ್ಲ ದೊಡ್ಡಕ್ಕನ ಬೈಗುಳದಿಂದ. ಒಮ್ಮೆ ದೊಡ್ಡ ಡಾಕ್ಟರು ಎದುರು ಸಿಕ್ಕಿ “ಹೇಗಿದ್ದೀರಿ?” ಎಂದಾಗ, ಅದೇ ಮರ್ಯಾದೆಯ ಉತ್ತರವಿರಬೇಕೆಂದು ಕೈಮುಗಿದು “ನಿನ್ನ ತಲೆ!” ಎಂದಿದ್ದಳು. ಡಾಕ್ಟರು ಬಿದ್ದು ಬಿದ್ದು ನಕ್ಕರು. ದೊಡ್ಡಕ್ಕ ಮಾತ್ರ ಎರಡು ದಿನ ಬೈಯುವುದನ್ನೇ ನಿಲ್ಲಿಸಿದ್ದಳು.

ಹಾಸಿಗೆಬಟ್ಟೆ ಮಡಚುವುದಕ್ಕೆ ಇಬ್ಬರು ಬೇಕು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ತುದಿ ಹಿಡಿದು, ಎಳೆದು, ಎದುರುಬದುರು ನಡೆದುಬಂದು ಮಡಿಕೆ ಸೇರಿಸಬೇಕು. ದೊಡ್ಡಕ್ಕನ ಎದುರಿಗೆ ಯಾವಾಗಲೂ ಟೀಚರೇ. ಒಂದು ಬೆಳಿಗ್ಗೆ ಚಹಾದ ಬಿಡುವು ಮುಗಿಸಿ ಬಂದ ಟೀಚರ್ ಎಂದಿನಂತೆ ತುದಿ ಹಿಡಿದಳು. ನಾಲ್ಕನೆಯದನ್ನು ಮಡಚುವಾಗ ಅವಳ ಕಡೆಯ ತುದಿ ಜಾರಿ ನೆಲಕ್ಕೆ ಬಿತ್ತು. ಐದನೆಯದೂ ಬಿತ್ತು.

“ಏನಾಯ್ತೇ?”

“ಅಮ್ಮ ಇಲ್ಲ, ಅಕ್ಕಾ.”

“ಇಲ್ಲ ಅಂದ್ರೆ? ಹುಷಾರಿಲ್ವಾ?”

“ಹುಷಾರಿಲ್ಲ ಅಲ್ಲ.” ಟೀಚರ್ ಪದಕ್ಕಾಗಿ ತಡಕಾಡಿದಳು. “ಅಮ್ಮ… ಇಲ್ಲ. ಈಗ ಫೋನ್ ಬಂತು.”

ದೊಡ್ಡಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮೇಜಿನ ಮೇಲೆ ಬಿಟ್ಟಳು. “ಹಾಗಾದ್ರೆ ಇಲ್ಲೇನು ಮಾಡ್ತಿದ್ದೀಯ? ಹೊರಡು ಊರಿಗೆ!”

“ವೀಸಾ ಪೇಪರ್ ಇನ್ನೂ ಆಫೀಸಲ್ಲಿದೆ. ಹೋದ್ರೆ ವಾಪಸ್ ಬಿಡಲ್ಲ.”

ಈ ಮಾತನ್ನು ದೊಡ್ಡಕ್ಕ ಹಿಂದೊಮ್ಮೆ ಕೇಳಿದ್ದಳು. ಅವಳ ಒಬ್ಬಳೇ ತಂಗಿ ಇನ್ನೊಂದು ದೇಶದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋದವಳು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ಫೋನಿನಲ್ಲಿ ಇದನ್ನೇ ಹೇಳಿದ್ದಳು. “ಹೆತ್ತ ತಾಯಿಗಿಂತ ಕಾಗದ ಹೆಚ್ಚಾಯ್ತಾ?” ಎಂದು ದೊಡ್ಡಕ್ಕ ಫೋನ್ ಕುಕ್ಕಿದ್ದಳು. ಅಲ್ಲಿಂದೀಚೆಗೆ ಅಕ್ಕತಂಗಿಯರ ನಡುವೆ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ ಎನ್ನುವುದರಾಚೆಗೆ ಮಾತಿರಲಿಲ್ಲ.

ಅವಳು ನೇರ ಮ್ಯಾನೇಜರ್ ಬಳಿಗೆ ಹೋದಳು. ಅವನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. “ದೊಡ್ಡಕ್ಕಾ, ಇರೋದೇ ಏಳು ಜನ. ಅವರಲ್ಲಿ ಒಬ್ಬರಿಗೆ ರಜೆ ಕೊಟ್ರೆ ಹೇಗೆ?”

“ಒಬ್ಬರಿಗಲ್ಲ, ಇಬ್ಬರಿಗೆ. ನಾನೂ ಹೊರಟೆ. ಮೂವತ್ತು ವರ್ಷದಲ್ಲಿ ಎಷ್ಟು ಸಲ ರಜೆ ಕೇಳಿದ್ದೀನಿ, ಲೆಕ್ಕ ಹಾಕ್ಕೊಂಡಿರು” ಎಂದವಳು ಟೀಚರ ಕೈಹಿಡಿದು ಹೊರಟೇಬಿಟ್ಟಳು.

ಮನೆಯಲ್ಲಿ ಬಿಸಿನೀರು ಕೊಟ್ಟು ಮುಖ ತೊಳೆಸಿದಳು. ಎರಡು ತುತ್ತಾದರೂ ಸೇರಲಿ ಎಂದು ತಟ್ಟೆ ಮುಂದಿಟ್ಟಳು. ಟೀಚರ್ ತಟ್ಟೆ ನೋಡುತ್ತ ಕುಳಿತಳು.

“ನಿಮ್ಮಮ್ಮನ ಬಗ್ಗೆ ಹೇಳೇ.”

“ಪದ ಇಲ್ಲ, ಅಕ್ಕಾ.”

“ನಿನ್ನ ಭಾಷೇಲೇ ಹೇಳು.”

“ನಿಮಗೆ ತಿಳಿಯಲ್ಲ.”

“ತಿಳಿಯದಿದ್ರೆ ಏನಂತೆ? ಕಿವಿ ಇದೆಯಲ್ಲ.”

ಟೀಚರ್ ಮೊದಲು ಒಂದೊಂದೇ ಮಾತು ಉದುರಿಸಿದಳು. ಆಮೇಲೆ ಕಟ್ಟೆ ಒಡೆಯಿತು. ದೊಡ್ಡಕ್ಕನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೂ ಟೀಚರ್ ಬೆರಳಾಡಿಸಿದಾಗ ಅದು ಜಡೆ ಹೆಣೆಯುವುದು ಎಂದು ತಿಳಿಯಿತು. ಕಿವಿ ಹಿಂಡಿಸಿಕೊಂಡದ್ದು ತಿಳಿಯಿತು. ಅಮ್ಮ ಯಾರನ್ನೋ ಅಣಕಿಸುತ್ತಿದ್ದುದನ್ನು ತೋರಿಸುತ್ತ ಟೀಚರ್ ನಕ್ಕುಬಿಟ್ಟಾಗ ದೊಡ್ಡಕ್ಕನೂ ನಕ್ಕಳು. ಆ ನಗುವೇ ಅಳುವಾಗಿ ತಿರುಗಿದಾಗ ಅವಳನ್ನು ಮಡಿಲಿಗೆ ಎಳೆದುಕೊಂಡಳು. ಇಲ್ಲಿಗೆ ಬಂದು ಎರಡು ವರ್ಷವಾದರೂ ಟೀಚರ್ ಇಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಬಾಯಿ ಸತ್ತವಳು ಅಂದುಕೊಂಡಿದ್ದಳು.

ಅತ್ತು ಸುಸ್ತಾಗಿ ಟೀಚರ್ ಅಲ್ಲೇ ಚಾಪೆಯ ಮೇಲೆ ನಿದ್ದೆಹೋದಳು. ದೊಡ್ಡಕ್ಕ ಅವಳಿಗೆ ಹೊದಿಸಿ, ಹಿತ್ತಲ ಮೆಟ್ಟಿಲ ಮೇಲೆ ಕುಳಿತು ತಂಗಿಗೆ ಫೋನ್ ಮಾಡಿದಳು.

“ಅಕ್ಕಾ? ಈ ಹೊತ್ತಲ್ಲಿ? ಏನಾಯ್ತು?” ತಂಗಿ ಗಾಬರಿಬಿದ್ದಳು.

“ಗಾಬರಿ ಬೇಡ, ಏನೂ ಆಗಿಲ್ಲ. ಅಮ್ಮ ಹೋದ ದಿನ ನೀನು ಏನು ಮಾಡ್ತಿದ್ದೆ?”

“ಒಬ್ಬರು ಅಜ್ಜಿಗೆ ಸ್ನಾನ ಮಾಡಿಸ್ತಿದ್ದೆ. ನಿನ್ನ ಫೋನ್ ಬಂತು. ನೀನು ಬೈದು ಇಟ್ಟೆ. ಅಜ್ಜಿ ತಲೇಲಿ ಇನ್ನೂ ಸೋಪಿತ್ತಲ್ಲ, ಬಿಟ್ಟು ಹೋಗೋ ಹಾಗಿರಲಿಲ್ಲ. ನೀರು ಹಾಕ್ತಾ ಹಾಕ್ತಾ ಅತ್ತೆ. ಅವರು ನನ್ನ ಕೆನ್ನೆ ಒರೆಸಿ ಏನೋ ಹೇಳಿದ್ರು. ಆಗ ನನಗೆ ಅಲ್ಲಿನ ಭಾಷೆ ಅಷ್ಟಾಗಿ ಬರ್ತಿರಲಿಲ್ಲ.”

“ಯಾರ ಹತ್ರನಾದ್ರೂ ಹೇಳ್ಕೊಂಡ್ಯಾ?”

“ಯಾರ ಹತ್ರ ಹೇಳ್ಕೊಳ್ಳಲಿ? ನೀನೊಬ್ಬಳಿದ್ದೆ.”

ದೊಡ್ಡಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. “ತಪ್ಪಾಯ್ತು ಕಣೇ. ನನಗಿವತ್ತು ರಜೆ. ಈಗ ಹೇಳು.”

ಅವತ್ತು ಅವರಿಬ್ಬರೂ ಮಾತು ಮುಗಿಸುವಾಗ ಬಿಸಿಲು ಮೆಟ್ಟಿಲಿನಿಂದ ಇಳಿದುಹೋಗಿತ್ತು.

ಟೀಚರ ಕಾಗದ ಕೈಗೆ ಬರಲು ಇನ್ನೂ ನಾಲ್ಕು ತಿಂಗಳಾಯಿತು. ಊರಿಗೆ ಹೋಗಿ, ಅಮ್ಮನಿಲ್ಲದ ಮನೆಯಲ್ಲಿ ಹದಿನೈದು ದಿನ ಇದ್ದು ಬಂದಳು. ಅದೇ ವರ್ಷ ತಂಗಿಯೂ ಬಂದಳು. ಕೂದಲೆಲ್ಲ ಬೆಳ್ಳಗಾಗಿದ್ದ ಅವಳನ್ನು ದೊಡ್ಡಕ್ಕ ಮನೆಯಲ್ಲಿ ಒಂದು ದಿನವೂ ಕೂರಿಸದೆ ಆಸ್ಪತ್ರೆಗೆ ಕರೆದೊಯ್ದು ಎಲ್ಲರಿಗೂ ತೋರಿಸಿದಳು.

ತಂಗಿ ಮತ್ತು ಟೀಚರ್ ಎರಡೇ ನಿಮಿಷದಲ್ಲಿ ಹೊಂದಿಕೊಂಡರು. ಯಾವ ಫಾರಂ, ಎಷ್ಟು ಫೋಟೋ, ಕ್ಯೂನಲ್ಲಿ ಎಷ್ಟು ಗಂಟೆ, ಕಿಟಕಿಯ ಹಿಂದೆ ಕೂತವನ ಮುಖ ಹೇಗಿರುತ್ತಿತ್ತು ಎಂದು ಅರ್ಧ ಮಾತು, ಅರ್ಧ ಕೈಸನ್ನೆಯಲ್ಲಿ ಹೇಳಿಕೊಂಡು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಹುಟ್ಟಿದೂರು ಬಿಟ್ಟು ಕದಲದ ದೊಡ್ಡಕ್ಕನಿಗೆ ಅದರಲ್ಲಿ ನಗುವಂಥದ್ದೇನಿದೆ ಎಂದು ಹೊಳೆಯಲಿಲ್ಲ.

“ನನಗೂ ಸ್ವಲ್ಪ ಹೇಳ್ರೇ!” ಎಂದು ಅವರ ನಡುವೆ ಜಾಗ ಮಾಡಿಕೊಂಡು ಕುಳಿತಳು.