ಖಂಡೆಪ್ಪನ ಲಿಂಬಿ, ಮಿಲಿಟರಿ ವೋಡ್ಕಾ

ಏ, ನಗಬ್ಯಾಡ್ರೋ! ಮುದುಕಗ ಮರವು ಅಂತೀರೇನು? ನಿನ್ನಿ ಏನ ಉಂಡೇನಿ ಅಂತ ಕೇಳಿದ್ರ ನೆನಪಿಲ್ಲ, ಖರೆ. ಆದ್ರ ಎಪ್ಪತ್ನಾಕನೇ ಇಸ್ವಿ ಬ್ಯಾಸಗ್ಯಾಗ ಇಂಡಿ ಖಂಡೆಪ್ಪನ ತೋಟದಾಗ ಏನ ನಡೀತು ಅನ್ನೂದು ಹನಿ ಹನಿ ನೆನಪೈತಿ. ಬಾಯಿ ಮುಚ್ಚಿ ಕೇಳ್ರಿ.

ಖಂಡೆಪ್ಪಂದು ನಾಕ ಎಕರೆ ಲಿಂಬಿ ತೋಟ. ಹಣ್ಣು ಸೊಲ್ಲಾಪುರ ಪ್ಯಾಟಿಗೆ ಹೋಗ್ತಿದ್ವು. ಅಲ್ಲಿ ದಲಾಲಿ ಹತ್ತೂರ ಹಣ್ಣಿನ ಜೋಡಿ ಒಂದಽ ಗುಂಪಿಗೆ ಸುರವಿಬಿಡಾಂವ. ಖಂಡೆಪ್ಪನ ಹೆಸರು ಅಲ್ಲೇ ಮುಳುಗ್ತಿತ್ತು. ಒಮ್ಮೆರೆ ತನ್ನ ಹಣ್ಣು ತನ್ನ ಹೆಸರಲೆ ಹೋಗಬೇಕು ಅನ್ನೂದು ಅವನ ಆಸೆ.

ಆಗ ಖಂಡೆಪ್ಪನ ಅಕ್ಕನ ಗಂಡ ಬಸಂತರಾಯ ರಜಾಕ್ಕ ಬಂದ. ಝಳಕಿಯಾಂವ, ಮಿಲಿಟರಿ ಹವಾಲ್ದಾರ; ಪುಣೆದಾಗ ಸಾಹೇಬ್ರ ಮೆಸ್ಸಿನ ಉಗ್ರಾಣ ಅವನ ಕೈಯಾಗ. ಟ್ರಂಕಿನಿಂದ ಒಂದ ಬಾಟ್ಲಿ ತಗದ. ಒಳಗಿಂದು ನೀರಿನಂಗ ತಿಳಿ.

"ಇದಕ್ಕ ವೋಡ್ಕಾ ಅಂತಾರ, ಅಳ್ಯಾ. ಲಿಂಬಿ, ಸೋಡಾ ಹಾಕಿ ಉದ್ದನ ಗ್ಲಾಸಿನ್ಯಾಗ ಕುಡೀತಾರ ಸಾಹೇಬ್ರು. ನಿನ್ನ ಲಿಂಬಿ ಇದಕ್ಕ ಹೊಂದಿದ್ರ ಮೆಸ್ಸಿಗೆ ಇನ್ನ ನಿಂದಽ ಹಣ್ಣು, ನಿನ್ನ ಹೆಸರಲೇ. ಇಲ್ಲಂದ್ರ ಸುಮ್ನ ಜ್ವಾಳಾ ಬಿತ್ತು!"

ಖಂಡೆಪ್ಪ ಮುಂಜಾನೆದ್ದು ಇಪ್ಪತ್ತ ಹಣ್ಣು ಆರಿಸಿದ. ಹಸರು, ಗಟ್ಟಿ, ಒಂದಽ ಅಳತಿ, ಖಾಸಾ ಪ್ಯಾಟಿ ಮಾಲು. ಬುಟ್ಟ್ಯಾಗ ಹಾಕಿ ಅರಬಿ ಮುಚ್ಚಿಟ್ಟು, ಕಾಸಿಂಸಾಬನ ಅಂಗಡಿಯಿಂದ ಗೋಲಿಸೋಡಾ ತಂದ. ಬರ್ಫ ಎಲ್ಲಿ ಸಿಗಬೇಕು? ತಣ್ಣಗಾಗ್ಲಿ ಅಂತ ಸೋಡಾ ಬಾಟ್ಲಿ ಕೊಡದಾಗ ಹಾಕಿ ಬಾವಿಗೆ ಇಳಿಬಿಟ್ಟ.

ಮನ್ಯಾಗ ಖಂಡೆಪ್ಪನ ಅವ್ವ ಇದ್ಲು; ಅತ್ತಿ ಎದುರಿಗೆ ಬಸಂತರಾಯಗ ಕುಡ್ಯಾಕ ಬರತೈತೇನು? ಮಧ್ಯಾಹ್ನ ಇಬ್ಬರೂ ತೋಟದ ಗುಡಸಲಕ್ಕ ಹೋದ್ರು. ಉದ್ದನ ಗ್ಲಾಸಿಲ್ಲ, ಸ್ಟೀಲ್ ತಂಬಿಗಿ. ಚಹಾದ ಕಪ್ಪಿಲೆ ಅರ್ಧ ಕಪ್ಪು ವೋಡ್ಕಾ ಬಿತ್ತು. ಖಂಡೆಪ್ಪ ಬುಟ್ಟಿ ಅರಬಿ ಸರಿಸಿದ. ಒಳಗ ಹಳದಿ, ಮೆತ್ತಗಿನ, ಕಲಿ ಬಿದ್ದ, ನೆಲಕ್ಕ ಉದುರಿದ ಹಣ್ಣು!

"ಯವ್ವಾ!" ಅಂತ ಚೀರಿದ.

ಅವರವ್ವ ಹೊನ್ನವ್ವ ಅವರ ಹಿಂದಽ ತೋಟಕ್ಕ ಬಂದು ಹೊರಗ ಕಸಾ ಕೀಳಾಕತ್ತಿದ್ಲು. "ಯಾಕೋ ಒದರ್ತಿ? ಚಲೋ ಹಣ್ಣು ಪ್ಯಾಟಿಗೆ, ಬಿದ್ದ ಹಣ್ಣು ಮನಿಗೆ. ನಿಮ್ಮಪ್ಪನ ಕಾಲದಿಂದ ಹಂಗಽ ಐತಿ. ಪ್ಯಾಟಿ ಮಾಲಿಗೆ ಇಳಿಗಿ ಹಚ್ಚತೀ ಏನು? ನಾನಽ ಬದಲ ಮಾಡೇನಿ. ನಿನ್ನ ಹಣ್ಣು ಚೀಲದಾಗ ಹೊಲದು ಬಂಡಿ ಹತ್ತಿ ಹೋದ್ವು!"

ಗಿಡದಾಗ ಉಳದಿದ್ದು ಬರೇ ಹೀಚು. ಖಂಡೆಪ್ಪ ತಲಿ ಮ್ಯಾಲೆ ಕೈ ಹೊತ್ತ. ಬಸಂತರಾಯ ಮುಸಿಮುಸಿ ನಕ್ಕ.

"ಹಿಂಡೋ ಅಳ್ಯಾ, ಇದ್ದದ್ದಽ ಹಿಂಡು."

ಇಳಿಗಿ ತಾಗಿದ್ದಽ ತಡಾ, ರಸ ಚಿಳ್ಳಂತ ಹವಾಲ್ದಾರನ ಮೀಸಿಗೆ ಹಾರಿತು. ತೊಗಟಿ ಕಾಗದದಂಗ ತೆಳು. ಗುಡಸಲ ತುಂಬ ವಾಸನಿ. ಗೋಲಿ ಒತ್ತಿ ತಣ್ಣನ ಸೋಡಾ ಸುರವಿದ್ರ ಭುಸ್ಸಂತ ಬುರುಗು. ಮ್ಯಾಲೊಂದ ಚಿಟಿಕಿ ಉಪ್ಪು.

ಬಸಂತರಾಯ ಒಂದ ಗುಟಕು ಕುಡದು ಮೀಸಿ ಒರಸಿಕೊಂಡ. ಇನ್ನೊಂದ ಗುಟಕು. ಆಮ್ಯಾಲೆ ತಂಬಿಗಿ ಎತ್ತಿದಾಂವ ಗಟಗಟ ಇಳಿಸಿಽಬಿಟ್ಟ!

"ಮಗನಽ, ಹಸರು ಹಣ್ಣು ಪುಣೆಕ್ಕ ಬೇಕಾದಷ್ಟು ಬರ್ತಾವ. ಹಿಂಡಿ ಕೈ ನೋಯತೈತಿ, ರಸ ಇಲ್ಲ. ಇಂಥಾ ಹಣ್ಣು ಎಲ್ಲಿ ಬಚ್ಚಿಟ್ಟಿದ್ದಿ?"

"ಗಿಡದ ಬುಡಕ್ರಿ, ಮಾಮಾ!"

ಇಬ್ಬರೂ ಬಿದ್ದ ಬಿದ್ದ ನಗಾಕತ್ತಿದ್ರು. ಅಷ್ಟ್ರಾಗ ಹೊನ್ನವ್ವ ಬಾಗಿಲಿಗೆ ಬಂದ್ಲು. ಬಸಂತರಾಯ ಗಡಬಡಿಸಿ ಬಾಟ್ಲಿ ಬೆನ್ನ ಹಿಂದ ಸರಿಸಿದ.

"ಮುಚ್ಚಬ್ಯಾಡ್ರಿ ಅಳ್ಯಾರ, ಕಂಡೇನಿ. ನನಗೂ ಒಂದ ತಂಬಿಗಿ ಮಾಡ್ರಿ. ನಿಮ್ಮ ಮಿಲಿಟರಿ ನೀರಷ್ಟು ಬಿಟ್ಟು!"

ಹದಿನೈದ ದಿನಕ್ಕ ಹುಲ್ಲು ಹಾಸಿದ ಎರಡ ಪೆಟಗಿ ಹಳದಿ ಲಿಂಬಿ ಪುಣೆ ರೈಲು ಹತ್ತಿದ್ವು. ಮ್ಯಾಲೆ ಡಾಂಬರಲೆ ದಪ್ಪ ಅಕ್ಷರ: ಖಂಡೆಪ್ಪ, ಇಂಡಿ. ಓದಾಕ ಬಾರದ ಹೊನ್ನವ್ವ ಬೆರಳಲೆ ಒಂದೊಂದಽ ಅಕ್ಷರ ಮುಟ್ಟಿ ನೋಡಿದ್ಲು.

ಕೇಳಿದ್ರಿಲ್ಲೋ? ಇನ್ನ ಈ ಕತಿ ಒಬ್ಬರಽ ಇಟ್ಕೊಂಡು ಕುಂಡ್ರಬ್ಯಾಡ್ರಿ, ನಾಕ ಮಂದಿ ಮೊಬೈಲಿಗೆ ಕಳಸ್ರಿ. ಮದಲ ಹಸರು ಹಣ್ಣು ಮಾರಾವ್ರಿಗೆ ಕಳಸ್ರಿ!